ಹುಳುಮನೆಯ ಕೆಂಪು ದೀಪ

ಗೌರಿಬಿದನೂರಿನಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಹೆಂಗಸರಿಗೆ ಟಿಕೆಟ್ ಉಚಿತ. ಮಂಚೇನಹಳ್ಳಿ ದಾಟುವವರೆಗೂ ಮಂಜು ಕವಿದಿತ್ತು. ಚಿಕ್ಕಬಳ್ಳಾಪುರದಲ್ಲಿ ಇಳಿದು ಇಡ್ಲಿ ತಿಂದು ಶಿಡ್ಲಘಟ್ಟದ ಬಸ್ ಹಿಡಿದೆ. ಅಲ್ಲಿಂದ ಹಳ್ಳಿಗೆ ಆಟೊ, ಇಪ್ಪತ್ತು ರೂಪಾಯಿ.

ರೇಷ್ಮೆ ಬೆಳೆಯುವ ನಾರಾಯಣಪ್ಪನವರು ಹಿಂದಿನ ದಿನ ಫೋನ್ ಮಾಡಿದ್ದರು. "ಅಕ್ಕ, ಮೇಷ್ಟ್ರು ಕೊಟ್ಟ ಪೆಟ್ಟಿಗೆ ಕೆಟ್ಟೋಗಿದೆ. ಯಾವಾಗ್ಲೂ ಕೆಂಪೇ. ತಗೊಂಡೋಗ್ಬಿಡಿ." ಮೇಷ್ಟ್ರು ಎಂದರೆ ನನ್ನ ಯಜಮಾನರು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ತೀರಿಕೊಂಡು ಐದು ತಿಂಗಳು. ಅವರು ಮಾಡಿಕೊಟ್ಟ ಬೇರೆ ಪೆಟ್ಟಿಗೆಗಳನ್ನು ಜನ ಎಂದೋ ಮೂಲೆಗೆ ಹಾಕಿದ್ದರು. ಇದೂ ಕೆಟ್ಟಿದ್ದರೆ ಅವರ ಕೆಲಸದಲ್ಲಿ ಏನೂ ಉಳಿಯುವುದಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಗೆ ಕಾಲು ಅದ್ದಿ ಹುಳುಮನೆಯೊಳಗೆ ಹೋದೆ. ಹುಳುಗಳ ಹಿಕ್ಕೆ, ಉಳಿದ ಸೊಪ್ಪು ಕೊಳೆತರೆ ಅಮೋನಿಯ ಏಳುತ್ತದೆ. ಹೆಚ್ಚಾದರೆ ಹುಳುಗಳು ಸೊರಗುತ್ತವೆ. ಪೆಟ್ಟಿಗೆಯೊಳಗೆ ಬಣ್ಣ ಸವರಿದ ಹಳದಿ ಕಾಗದದ ಚೂರಿದೆ. ಅಮೋನಿಯ ತಗುಲಿದರೆ ಅದು ನೀಲಿಗೆ ತಿರುಗುತ್ತದೆ. ಪುಟ್ಟ ದೀಪವೊಂದು ಅದರ ಮೇಲೆ ಬೆಳಕು ಬಿಡುತ್ತದೆ, ಪಕ್ಕದ ಗಾಜಿನ ಕಣ್ಣು ಮರಳಿ ಬರುವ ಬೆಳಕನ್ನು ಅಳೆಯುತ್ತದೆ. ಬೆಳಕು ಕಡಿಮೆಯಾದರೆ ಹೊರಗೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಊಟಕ್ಕೆ ಕೂತಾಗಲೆಲ್ಲ ಅವರು ಹೇಳಿ ಹೇಳಿ ನನಗಿದು ಬಾಯಿಪಾಠ.

ಮುಚ್ಚಳ ಬಿಚ್ಚಿದೆ. ಗಾಳಿಕಿಂಡಿಯಿಂದ ಗಾಜಿನವರೆಗೂ ಕುಂಕುಮ!

"ಆಯುಧಪೂಜೆಗೆ ಇಟ್ಟೆ ಕಣಕ್ಕ," ಎಂದರು ನಾರಾಯಣಪ್ಪನವರ ಹೆಂಡತಿ ಮಂಜುಳಮ್ಮ. "ಅದೂ ಮಿಷನ್ನೇ ಅಲ್ವಾ?"

"ಪಂಪ್‌ಸೆಟ್ಟಿಗಿಟ್ಲು, ಟ್ರ್ಯಾಕ್ಟರಿಗಿಟ್ಲು. ನಾನೊಬ್ಬ ತಪ್ಪಿಸ್ಕೊಂಡೆ," ಎಂದರು ಗಂಡ.

"ನೀವು ಕೆಲಸ ಮಾಡಿದ್ರೆ ತಾನೇ ಪೂಜೆ!"

ಒಣ ಹತ್ತಿಯಿಂದ ಗಾಜು ಒರೆಸಿದೆ. ದೀಪ ಹಸಿರಾಯಿತು. ನಾರಾಯಣಪ್ಪನವರಿಗೆ ನಂಬಿಕೆ ಬರಲಿಲ್ಲ. ಪೆಟ್ಟಿಗೆಯನ್ನು ಕೊಟ್ಟಿಗೆಗೆ ಒಯ್ದು ಹಸುವಿನ ಗಂಜಲ ನಿಂತ ಮೂಲೆಯಲ್ಲಿ ಹಿಡಿದೆವು. ಐದು ನಿಮಿಷಕ್ಕೆ ಕೆಂಪು. ಅಂಗಳದಲ್ಲಿ ಇಟ್ಟು, ಮುದ್ದೆ, ಅವರೆಕಾಳು ಸಾರು ಉಂಡು ಏಳುವಷ್ಟರಲ್ಲಿ ಮತ್ತೆ ಹಸಿರು.

"ಇಲ್ಲೇ ಇರ್ಲಿ ಬಿಡಿ ಅಕ್ಕ," ಎಂದರು ನಾರಾಯಣಪ್ಪನವರು.

ಮಂಜುಳಮ್ಮ ಕುಂಕುಮದ ಬಟ್ಟಲು ತಂದರು. "ಇನ್ಮೇಲೆ ಎಲ್ಲಿಡ್ಬೇಕು?"

ಪೆಟ್ಟಿಗೆಯ ಹಿಂಬದಿ ತೋರಿಸಿದೆ.

"ಹಂಗಲ್ಲ, ನೀವೇ ಇಟ್ಟು ತೋರ್ಸಿ," ಎಂದು ಬಟ್ಟಲು ಚಾಚಿದರು.

ಐದು ತಿಂಗಳಿಂದ ಯಾರೂ ಅದನ್ನು ನನ್ನೆದುರು ಹಿಡಿದಿರಲಿಲ್ಲ. ಬೆರಳು ಅದ್ದಿ ಪೆಟ್ಟಿಗೆಯ ಹಿಂಬದಿಗೆ ಒಂದು ಬೊಟ್ಟಿಟ್ಟೆ.

ಆಟೊ ತಿರುಗುವ ಮೊದಲು ಹಿಂದಕ್ಕೆ ನೋಡಿದೆ. ನಾರಾಯಣಪ್ಪನವರು ಪೆಟ್ಟಿಗೆಯನ್ನು ಎರಡು ಕೈಯಲ್ಲೂ ಹಿಡಿದು ಹುಳುಮನೆಯೊಳಗೆ ಹೋಗುತ್ತಿದ್ದರು.