ಮದುಮಗಳ ಕಾರಿನ ಹಿಂದಿನ ಗಾಜು

ತೊಂಬತ್ತರ ದಶಕ. ಸಿಂಧನೂರಿನ ನಮ್ಮ ಅಂಗಡಿಯಲ್ಲಿ ಕಾರಿನ ಗಾಜಿಗೆ ಅಂಟಿಸುವ ಕಪ್ಪು ಫಿಲ್ಮಿನ ಕೊನೆಯ ಹಾಳೆ ಉಳಿದಿತ್ತು. ಮದುಮಗಳನ್ನು ಮಸ್ಕಿಗೆ ಒಯ್ಯುವ ಕಾರಿನ ಹಿಂದಿನ ಗಾಜೊಂದೇ ಬಾಕಿ. ಅಣ್ಣನೂ ನಾನೂ ಅಂಟಿನ ಮೇಲಿನ ಪೊರೆ ಸುಲಿದು ಹಾಳೆಯ ತುದಿ ಹಿಡಿದಿದ್ದಾಗ ಬಸ್ಸೊಂದು ಧೂಳೆಬ್ಬಿಸಿತು. ಅದು ಲಿಂಗಸುಗೂರಿನದು ಎನ್ನುತ್ತದೆ ನೆನಪು, ನಾನು ನಂಬುವುದಿಲ್ಲ. ಒಂದು ಕಣ ಅಂಟಿದರೂ ಗುಳ್ಳೆ ಏಳುತ್ತಿತ್ತು.

"ಅಲುಗಾಡಬ್ಯಾಡಲೇ!" ಎಂದ ಅಣ್ಣ.

"ಗಂಡಿನ ಕಡೆಯವ್ರು ಕಾಯಾಕತ್ತಾರ್ರೀ," ಎಂದ ಕಾರಿನ ಡ್ರೈವರ್.

"ಇಬ್ಬರೂ ಗೊಂಬಿ ನಿಂತಂಗ ನಿಂತೀರಲ್ಲ!" ಎನ್ನುತ್ತ ಅತ್ತಿಗೆ, ಧೋತ್ರದಲ್ಲಿ ಸೋಸಿಟ್ಟಿದ್ದ ಕಾಲುವೆ ನೀರನ್ನು ಕೊಡದಿಂದ ಹಾಳೆಯ ಮೇಲೇ ಸುರಿದರು. ಧೂಳು ಹರಿದುಹೋಯಿತು. ಒದ್ದೆ ಹಾಳೆಯನ್ನು ಗಾಜಿಗಿಟ್ಟು, ರಬ್ಬರ್ ಪಟ್ಟಿಯಿಂದ ನೀರನ್ನು ನಡುವಿನಿಂದ ಅಂಚಿಗೆ ತಳ್ಳಿದೆವು. ಗುಳ್ಳೆ ಏಳಲಿಲ್ಲ ಎನ್ನುತ್ತೇನೆ ನಾನು. ಒಂದು ಎದ್ದಿತ್ತು ಎನ್ನುತ್ತಾನೆ ಅಣ್ಣ. ಗಾಜು ಒಣಗುವ ಮೊದಲೇ ಕಾರು ಹೊರಟಿತ್ತು.