ಅನುಮಾನದಕ್ಕ
ಆಫೀಸಿನಲ್ಲಿ ಅವಳಿಗೆ ‘ಅನುಮಾನದಕ್ಕ’ ಎಂದೇ ಹೆಸರು. ತಂತ್ರಾಂಶದ ತಪ್ಪು ಹಿಡಿಯುವ ಟೆಸ್ಟುಗಳನ್ನು ಬರೆಯುವುದು ಅವಳ ಕೆಲಸ; ತಪ್ಪಿದ್ದರೆ ಪರದೆ ಕೆಂಪು, ಇಲ್ಲದಿದ್ದರೆ ಹಸಿರು. ಸಾವಿರ ಟೆಸ್ಟೂ ಹಸಿರಾಯಿತೆಂದು ಜೊತೆಯವರು ಕುಣಿದರೆ ಇವಳು ಹುಬ್ಬು ಗಂಟಿಕ್ಕುತ್ತಾಳೆ. “ಅದು ಕೆಂಪಾಗೋದನ್ನ ಯಾರಾದ್ರೂ ಕಣ್ಣಾರೆ ನೋಡಿದೀರೇನ್ರೋ?” ಎಂದು ಗದರಿ, ತಂತ್ರಾಂಶದಲ್ಲಿ ಸರಿಯಿದ್ದ ಸಾಲೊಂದನ್ನು ಬೇಕೆಂದೇ ಕೆಡಿಸಿ, ಪರದೆ ಕೆಂಪಾದ ಮೇಲೆಯೇ ಅದನ್ನು ಸರಿಮಾಡಿ ಕಾಫಿಗೆ ಏಳುತ್ತಾಳೆ. ಮುಚ್ಚುವ ಲಿಫ್ಟಿನ ಬಾಗಿಲಿಗೂ ದಿನಾ ಕೈ ಅಡ್ಡ ಹಿಡಿದು, ಅದು ಮತ್ತೆ ತೆರೆಯುತ್ತದೋ ಎಂದು ನೋಡುವವಳು. ಮನೆಯಲ್ಲಿ ಏನು ಬಡಿಸಿದರೂ ಗಂಡನದು ಒಂದೇ ಮಾತು: “ಚೆನ್ನಾಗಿದೆ ಕಣೇ.” ಒಂದು ದಿನ ಅವಳು ಬೇಕೆಂದೇ ಅಡುಗೆಗೆ ಉಪ್ಪು ಹಾಕಲಿಲ್ಲ. ಅವನು ತಟ್ಟೆ ಬಳಿದು ಉಂಡು “ಚೆನ್ನಾಗಿದೆ ಕಣೇ” ಅಂದ. ಅಂದಿನಿಂದ ಅವನು “ನಂಗೇನಾಗಿದೆ, ಚೆನ್ನಾಗೇ ಇದೀನಿ” ಅಂದಾಗಲೆಲ್ಲ, ಅವಳು ಅವನ ಹಣೆ ಮುಟ್ಟಿ ನೋಡುತ್ತಾಳೆ.