ಬಾಯಿಪಾಠ ಮಾಡಿದ ಕಣ್ಣಿನ ಚಾರ್ಟು

ಈಗ ಸಂಜೆ ಆರು ಗಂಟೆ, ಸ್ನೇಹಿತರೇ. ಇವತ್ತು ನಮ್ಮ ಕಣಕಟ್ಟೆ ಶಾಲೆಯಲ್ಲಿ ಮಕ್ಕಳ ಕಣ್ಣಿನ ತಪಾಸಣೆ ಇತ್ತು. ಐದನೇ ತರಗತಿಯ ನನ್ನ ಮಗಳು ಭೂಮಿಕಾ ಗೋಡೆಯ ಚಾರ್ಟನ್ನು ಕೊನೆಯ ಸಾಲಿನವರೆಗೂ ಪಟಪಟನೆ ಓದಿದಳು. ಬಾಗಿಲಲ್ಲಿ ನಿಂತಿದ್ದ ನನ್ನ ಮನಸ್ಸು ಹಗುರವಾಯಿತು. ಅವಳ ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಅಳು ನಿಲ್ಲಲೆಂದು ನಾನೇ ಅವಳ ಕೈಗೆ ಫೋನ್ ಕೊಟ್ಟು ತೋಟಕ್ಕೆ ಹೋಗುತ್ತಿದ್ದೆ. ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವಳು ಒಳಗೇ ಕೂತುಬಿಟ್ಟಿದ್ದಳು.

ತಪಾಸಣೆಯ ಮೇಡಂ ‘ಕಣ್ಣು ಚೆನ್ನಾಗಿದೆ’ ಎಂದು ಬರೆಯಲು ಹೊರಟಾಗ ಅವಳೇ ತಡೆದಳು. “ಬರೀಬೇಡಿ ಮೇಡಂ. ನನ್ ಮುಂದೆ ನಿಂತಿದ್ದೋರು ಓದಿದ್ದು ಕೇಳ್ಕಂಡು ಬಾಯಿಪಾಠ ಮಾಡಿದ್ದೆ. ನಂಗೆ ಮೇಲಿನ ಎರಡೇ ಸಾಲು ಕಾಣ್ಸೋದು.”

ಹಿಂದಿದ್ದ ಹುಡುಗಿಯರು ನಕ್ಕರು. “ಸುಮ್ನಿರೇ, ಸೋಡಾಬುಡ್ಡಿ ಹಾಕ್ತಾರೆ ಕಣೇ!”

“ಹಾಕ್ಲಿ ಬಿಡ್ರೇ. ಬೋರ್ಡು ಕಾಣ್ದೆ ನಿಮ್ ಪುಸ್ತಕ ನೋಡ್ಕಂಡು ಬರ್ದು, ನಿಮ್ ತಪ್ಪೆಲ್ಲ ನನ್ ಪುಸ್ತಕದಾಗೂ ಐತೆ” ಎಂದಳು.

ಮೇಡಂ ನನ್ನ ಕಡೆ ತಿರುಗಿದರು. “ಫೋನ್ ಎಷ್ಟೊತ್ತು ನೋಡ್ತಾಳ್ರೀ?”

“ಸ್ವಲ್ಪ ಹೊತ್ತು...” ಎಂದೆ.

“ಅಪ್ಪಾ, ನಿಜ ಹೇಳಪ್ಪಾ” ಎಂದಳು ಮಗಳು.

ಹೇಳಿದೆ. ಶಾಲೆಯಿಂದ ಬಂದ ಮೇಲೆ ಕತ್ತಲಾಗುವವರೆಗೆ, ಮುಖದ ಹತ್ತಿರವೇ ಹಿಡಿದುಕೊಂಡು. ದಿನವೂ ಬಿಸಿಲಿರುವಾಗ ಹೊರಗೆ ಆಡಲು ಬಿಡಿ ಎಂದರು ಮೇಡಂ.

ಕಣ್ಣಿನ ಪರೀಕ್ಷೆಯಲ್ಲಿ ತಾನೇ ಕೇಳಿಕೊಂಡು ಫೇಲಾದವಳು ಇಡೀ ಶಾಲೆಯಲ್ಲಿ ನನ್ನ ಮಗಳೊಬ್ಬಳೇ. ಇಂಥ ಫಲಿತಾಂಶಕ್ಕೆ ಎದೆಯುಬ್ಬಿಸಿ ನಡೆದ ಅಪ್ಪನೂ ಬಹುಶಃ ನಾನೊಬ್ಬನೇ. ನಾಳೆ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಕನ್ನಡಕ ಮಾಡಿಸಲು ಅರಸೀಕೆರೆಗೆ ಹೋಗುತ್ತಿದ್ದೇವೆ.